ಕೂವೆ ಗಂಜಿಯಲ್ಲಿ ಇಲ್ಲದ್ದು

ಮಗಳು ಶಶಿಯ ಬಟ್ಟೆಗಳನ್ನು ನಾನು ಬೇರೆಯೇ ಬಾಲ್ದಿಯಲ್ಲಿ ನೆನೆಹಾಕುತ್ತಿದ್ದೆ. ಸಾಬೂನು ಹಚ್ಚಿ, ಕಲ್ಲಿಗೆ ಬಡಿದು, ಬಿಸಿಲಿಗೆ ಒಣಗಿಸಿ ತಂದರೂ ಅವಳು ಒಮ್ಮೆ ಒದ್ದೆ ಮಾಡಿಕೊಂಡರೆ ಸಾಕು, ಆ ವಾಸನೆ ಮತ್ತೆ ಏಳುತ್ತಿತ್ತು. ಬಹಳ ಕಾಲ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಬರುತ್ತದಲ್ಲ, ಅಂಥ ಮುಗ್ಗಲು ವಾಸನೆ. ಯಾರಾದರೂ ಮನೆಗೆ ಬರುವುದು ಕಂಡರೆ ನಾನು ಓಡಿಹೋಗಿ ಊದುಬತ್ತಿ ಹಚ್ಚುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ಕಬಕದಲ್ಲಿ, ವಿಟ್ಲಕ್ಕೆ ಹೋಗುವ ರಸ್ತೆಯ ಬದಿಯ ಬಾಡಿಗೆ ಮನೆಯಲ್ಲಿ ನಾವಿದ್ದೆವು. ನನ್ನ ಗಂಡ ವಿಠಲ ಪುತ್ತೂರು ಪೇಟೆಯಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದರು. ಅವರು ನನ್ನ ತಾಯಿಯ ಅಣ್ಣನ ಮಗ. ನಮ್ಮ ಕಡೆ ಎಲ್ಲರೂ ಮೆಚ್ಚುವ ಸಂಬಂಧ ಅದು. ಅವರ ತಾಯಿಯನ್ನು ನಾನು ಚಿಕ್ಕಂದಿನಿಂದಲೂ ಮಾಮಿ ಎಂದು ಕರೆದವಳು, ಸೊಸೆಯಾದ ಮೇಲೂ ಮಾಮಿಯೇ. ಮಾವ ತೀರಿಕೊಂಡಿದ್ದರಿಂದ ಮಾಮಿ ನಮ್ಮ ಜೊತೆಯಲ್ಲೇ ಇದ್ದರು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಆ ಮಾತುಗಳನ್ನು ನಮ್ಮೂರಿನ ಕನ್ನಡದಲ್ಲಿ ಬರೆದಿದ್ದೇನೆ.

ಶಶಿ ನಮ್ಮ ಮೊದಲ ಮಗು. ಕಡಬದಲ್ಲಿ ನನ್ನ ತವರಿನಲ್ಲಿ ಹುಟ್ಟಿದಳು. ಹುಟ್ಟುವಾಗ ಎಲ್ಲ ಮಕ್ಕಳ ಹಾಗೆಯೇ ಇದ್ದಳು. ಕೆಲವು ತಿಂಗಳು ಕಳೆಯುವಾಗ ಅವಳ ಕೂದಲು ತಾಮ್ರದ ಬಣ್ಣಕ್ಕೆ ತಿರುಗಿತು, ಮೈ ಬೆಳ್ಳಗಾಯಿತು. "ಎಂತ ಬಿಳಿ ಮಗು ಮಾರಾಯ್ತಿ! ನಿಮ್ಮಿಬ್ಬರದ್ದೂ ಬಣ್ಣ ಇದಲ್ಲವಲ್ಲ" ಎಂದು ನೆಂಟರು ಹೊಗಳುತ್ತಿದ್ದರು. ಆ ಬಿಳುಪು ರೋಗದ ಗುರುತು ಎಂದು ನಮಗೆ ಯಾರು ಹೇಳಬೇಕು? ಓರಗೆಯ ಮಕ್ಕಳು ಕೂತವು, ನಿಂತವು, ಮಾತಾಡಿದವು. ಶಶಿ ಕೂರಲಿಕ್ಕೇ ತಡ ಮಾಡಿದಳು. ಮಾತು ಬರಲಿಲ್ಲ. ಮೊಣಕೈಯ ಸಂದಿನಲ್ಲಿ, ಕುತ್ತಿಗೆಯ ಹಿಂದೆ ಚರ್ಮ ಕೆಂಪಗೆ ಒಡೆಯುತ್ತಿತ್ತು. ಆಮೇಲೆ ಫಿಟ್ಸ್ ಶುರುವಾಯಿತು. ಮಡಿಲಲ್ಲಿ ಕೂತ ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡು ಕಣ್ಣು ಮೇಲೆ ಮಾಡಿದರೆ ನಾನು ಮಾಮಿಯನ್ನು ಕೂಗಿ ಕರೆಯುತ್ತಿದ್ದೆ.

ಪುತ್ತೂರಿನ ಹಳೆಯ ಡಾಕ್ಟರು ಫಿಟ್ಸಿಗೆ ಮಾತ್ರೆ ಕೊಟ್ಟರು. ಮಾಮಿ ದೈವಕ್ಕೆ ಹರಕೆ ಹೇಳಿಕೊಂಡರು. ಎರಡರಿಂದಲೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಕೊನೆಗೆ ಆ ಡಾಕ್ಟರೇ, "ಮಂಗಳೂರಿಗೆ ಹೊಸಬರೊಬ್ಬರು ಮಕ್ಕಳ ಡಾಕ್ಟ್ರು ಬಂದಿದ್ದಾರೆ, ಒಮ್ಮೆ ತೋರಿಸಿ" ಎಂದು ಚೀಟಿ ಕೊಟ್ಟರು. ಆಗ ಶಶಿಗೆ ನಾಲ್ಕು ತುಂಬುತ್ತಿತ್ತು. ನಾನು ಮತ್ತೆ ಬಸುರಿಯಾಗಿದ್ದೆ.

ಆ ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ಕೂತದ್ದು ನನಗೆ ಚೆನ್ನಾಗಿ ನೆನಪುಂಟು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಸ್ವಲ್ಪ ಆಚೆ ಸರಿದರು. ನಾನು ಶಶಿಯನ್ನು ಇನ್ನಷ್ಟು ಒತ್ತಿ ಹಿಡಿದೆ. ಒಳಗೆ ಹೋದ ಮೇಲೆ ಆ ಡಾಕ್ಟರು ಮಾಡಿದ್ದು ಬೇರೆ. ಮಗುವಿನ ಕೂದಲು ನೋಡಿದರು, ಚರ್ಮ ನೋಡಿದರು, ಆಮೇಲೆ ಅವಳ ಒದ್ದೆ ಚಡ್ಡಿಯನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಈ ವಾಸನೆ ಯಾವಾಗಿಂದ ಉಂಟಮ್ಮ?"

"ಹುಟ್ಟಿ ಸ್ವಲ್ಪ ಸಮಯದಿಂದಲೇ. ನಾನು ದಿನಾ ಸ್ನಾನ ಮಾಡಿಸ್ತೇನೆ ಡಾಕ್ಟ್ರೆ, ದಿನಾ."

"ನಿಮ್ಮ ಸ್ನಾನದಿಂದ ಹೋಗುವ ವಾಸನೆ ಅಲ್ಲ ಅದು. ನಿಮ್ಮ ತಪ್ಪೇನೂ ಇಲ್ಲ" ಎಂದರು. ಅಷ್ಟು ವರ್ಷದಲ್ಲಿ ಆ ಮಾತು ನನಗೆ ಹೇಳಿದ ಮೊದಲ ಮನುಷ್ಯ ಅವರು. ನಾನು ಅಲ್ಲೇ ಅಳಲಿಕ್ಕೆ ಶುರುಮಾಡಿದೆ. ಅವರು ಕಾದು, ಆಮೇಲೆ ಕೇಳಿದರು, "ನೀವಿಬ್ಬರು ಸಂಬಂಧಿಕರಾ?"

ಗಂಡ ನನ್ನ ಮುಖ ನೋಡಿದರು. "ಹೌದು. ಸೋದರಮಾವನ ಮಗ" ಎಂದೆ.

ಶಶಿಯ ಮೂತ್ರವನ್ನು ಒಂದು ಗಾಜಿನ ನಳಿಗೆಯಲ್ಲಿ ಹಿಡಿದು ಅದಕ್ಕೆ ಹಳದಿ ಬಣ್ಣದ ದ್ರವದ ಕೆಲವು ಹನಿ ಬಿಟ್ಟರು. ನಮ್ಮ ಕಣ್ಣೆದುರೇ ಅದು ಕಡು ಹಸಿರಾಯಿತು. ನಾನು ಓದಿದವಳಲ್ಲ, ಏಳನೆಯ ಕ್ಲಾಸು. ಆದರೂ ಆ ಹಸಿರು ಒಳ್ಳೆಯದಲ್ಲ ಎಂದು ತಿಳಿಯಲು ಓದು ಬೇಕಾಗಲಿಲ್ಲ, ಡಾಕ್ಟರ ಮುಖ ಸಾಕಾಯಿತು. ಓದುವ ಕಾಲದಲ್ಲಿ ಇಂಥ ಒಂದೇ ಒಂದು ಮಗುವನ್ನು ನೋಡಿದ್ದೆ ಎಂದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ರಕ್ತ ಕಳಿಸಿ ಖಚಿತ ಮಾಡಿಕೊಂಡರು. ಫೀನೈಲ್‌ಕೀಟೋನೂರಿಯಾ ಎಂದು ಹೆಸರು. ನಾವು ತಿನ್ನುವ ಬೇಳೆ, ಹಾಲು, ಮೀನು, ಅನ್ನ ಎಲ್ಲದರ ಪ್ರೋಟೀನಿನಲ್ಲಿ ಇರುವ ಒಂದು ಅಂಶವನ್ನು ಈ ಮಕ್ಕಳ ಮೈ ಕರಗಿಸುವುದಿಲ್ಲ. ಅದು ರಕ್ತದಲ್ಲಿ ಉಳಿದು ಮೆದುಳನ್ನು ಕೆಡಿಸುತ್ತದೆ. ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದರೆ ಮಾತ್ರ ಮಗುವಿಗೆ ಬರುವಂಥದ್ದು.

"ಮೊದಲೇ ಗೊತ್ತಾಗಿದ್ರೆ..." ಎಂದು ಡಾಕ್ಟರು ಶುರುಮಾಡಿ, ನಮ್ಮನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದರು. "ಈ ಮಗುವಿಗೆ ಬರ್ಲೇಬೇಕು ಅಂತ ಇಲ್ಲ. ಬಂದ್ರೂ ಈಗ ನಮಗೆ ಗೊತ್ತುಂಟು. ಹುಟ್ಟಿದ ಕೂಡ್ಲೇ ನನ್ನ ಹತ್ರ ತನ್ನಿ."

ಬಸ್ಸು ಪಾಣೆಮಂಗಳೂರಿನ ಸೇತುವೆ ದಾಟಿತು. ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು, "ಬೇರೆ ಯಾರನ್ನಾದ್ರೂ ಮದುವೆ ಆಗಿದ್ರೆ ನಿನಗೆ ಈ ಕಷ್ಟ ಇರ್ಲಿಲ್ಲ."

"ನಿಮಗೂ ಇರ್ಲಿಲ್ಲ" ಎಂದೆ. ಇಬ್ಬರೂ ಮತ್ತೆ ಆ ವಿಷಯ ಎತ್ತಲಿಲ್ಲ.

ಮಾಮಿಗೆ ಹೇಳುವುದೇ ಕಷ್ಟವಾಯಿತು. ಈ ಸಂಬಂಧ ಕೂಡಿಸಿದವರು ಅವರೇ. ಪೂರ್ತಿ ಕೇಳಿ, "ಹಾಗಾದ್ರೆ ದೈವದ ಉಪದ್ರ ಅಲ್ಲ" ಎಂದರು. "ಅಲ್ಲ ಮಾಮಿ." "ನಮ್ಮ ರಕ್ತದ್ದೇ." "ಹೌದು." ಅವರು ಎದ್ದು ಹಿತ್ತಲಿಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಹೋಗಿ ನೋಡಿದರೆ ಶಶಿಯ ಬಟ್ಟೆಗಳ ಬಾಲ್ದಿಯ ಮುಂದೆ ಕೂತು ಒಗೆಯುತ್ತಿದ್ದರು.

ಆ ಬಸುರಿನ ಉಳಿದ ತಿಂಗಳುಗಳನ್ನು ಹೆದರಿಕೆಯಲ್ಲೇ ಕಳೆದೆ. ಮಗು ಒಳಗೆ ಹೊರಳಿದಾಗ ಸಂತೋಷವಾಗಬೇಕು. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ದಿನ ಎಣಿಸುತ್ತಿದ್ದೆ. ಒಳಗಿರುವಷ್ಟು ದಿನ ಅದಕ್ಕೆ ಏನೂ ಆಗುವುದಿಲ್ಲ, ನನ್ನ ರಕ್ತವೇ ಕಾಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಹೆರಿಗೆ ತಡವಾಗಲಿ ಎಂದು ಬೇಡಿಕೊಂಡ ತಾಯಿ ನಾನೊಬ್ಬಳೇ ಇರಬೇಕು.

ಗಂಡುಮಗು ಹುಟ್ಟಿತು. ಗಿರೀಶ ಎಂದು ಹೆಸರಿಟ್ಟೆವು. ಕಪ್ಪು ಕೂದಲು, ಗಟ್ಟಿ ಅಳು. ಹುಟ್ಟಿದ ಕೂಡಲೇ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಸ್ವಲ್ಪ ಹಾಲು ಕುಡಿದು ಆಗಬೇಕು ಎಂದರು. ಎದೆಗೆ ಹಾಕಿಕೊಂಡಾಗಲೆಲ್ಲ ನನಗೆ ಅನ್ನಿಸುತ್ತಿದ್ದದ್ದು ಒಂದೇ: ನಾನು ಇವನಿಗೆ ಹಾಲು ಕೊಡುತ್ತಿದ್ದೇನೋ ವಿಷ ಕೊಡುತ್ತಿದ್ದೇನೋ? ಅವನು ಕಣ್ಣು ಮುಚ್ಚಿ ಚೀಪುತ್ತಿದ್ದ. ನಾನು ಅವನ ನೆತ್ತಿಗೆ ಮೂಗು ಒತ್ತಿ, ವಾಸನೆ ಬಂತೋ ಎಂದು ಹುಡುಕುತ್ತಿದ್ದೆ.

ರಕ್ತದ ಚುಕ್ಕೆಗಳನ್ನು ಕಾಗದದ ಮೇಲೆ ಒಣಗಿಸಿ ಬೆಂಗಳೂರಿಗೆ ಕಳಿಸಿದರು. ಉತ್ತರಕ್ಕೆ ಕಾದೆವು. ಡಾಕ್ಟರು ನಮ್ಮನ್ನು ಕರೆಸಿ ಕೂರಿಸಿದರು. ಅವರು ಬಾಯಿ ತೆರೆಯುವ ಮೊದಲೇ ನನ್ನ ಗಂಡ "ಉಂಟಲ್ವಾ ಡಾಕ್ಟ್ರೆ?" ಎಂದರು.

"ಉಂಟು. ಆದ್ರೆ ಈ ಮಗುವಿನ ಮೆದುಳಿಗೆ ಇನ್ನೂ ಏನೂ ಆಗ್ಲಿಲ್ಲ. ಆಗ್ಲಿಕ್ಕೆ ಬಿಡುದು ಬೇಡ."

ಹಾಗೆ ನಮ್ಮ ಮನೆಯ ಅಡುಗೆ ಬದಲಾಯಿತು. ಪ್ರೋಟೀನಿನಿಂದ ಆ ಕೆಟ್ಟ ಅಂಶವನ್ನು ಮಾತ್ರ ತೆಗೆದು ತಯಾರಿಸಿದ ಒಂದು ಪುಡಿ ವಿದೇಶದಲ್ಲಿ ಸಿಗುತ್ತಿತ್ತು. ಇಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ. ಡಾಕ್ಟರ ಜೊತೆಗೆ ಓದಿದವರೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರು ಹಡಗಿನಲ್ಲಿ ಕೆಲಸ ಮಾಡುವ ಯಾರ ಯಾರ ಕೈಯಲ್ಲೋ ಡಬ್ಬಿಗಳನ್ನು ಬೊಂಬಾಯಿಗೆ ಮುಟ್ಟಿಸುತ್ತಿದ್ದರು. ಅಲ್ಲಿ ನನ್ನ ಮೈದುನ ರಘು ಹೋಟೆಲಿನಲ್ಲಿದ್ದ. ಅವನು ಊರಿಗೆ ಬರುವವರನ್ನು ಹುಡುಕಿ, ಡಬ್ಬಿಯನ್ನು ಅವರ ಕೈಗೆ ಕೊಟ್ಟು, "ಮಗುವಿನ ಜೀವ ಇದರಲ್ಲಿ ಉಂಟು" ಎಂದು ಆಣೆ ಹಾಕಿಸಿ ಕಳಿಸುತ್ತಿದ್ದ. ಆ ಡಬ್ಬಿ ತಂದವರಲ್ಲಿ ಎಷ್ಟೋ ಜನರ ಮುಖವನ್ನೂ ನಾನು ಕಂಡಿಲ್ಲ. ಬಸ್ಸಿನ ಕಂಡಕ್ಟರು ಕಬಕದ ಸ್ಟಾಪಿನಲ್ಲಿ ಇಳಿದು ಕೊಟ್ಟು ಹೋದದ್ದುಂಟು.

ಪುಡಿ ಕೆಟ್ಟ ರುಚಿ, ಕೆಟ್ಟ ನಾತ. ಆದರೆ ಶುರುವಿನಿಂದ ಕುಡಿದ ಮಗುವಿಗೆ ಅದೇ ಹಾಲು. ಅದರ ಜೊತೆ ಎದೆಹಾಲು ಲೆಕ್ಕದಲ್ಲಿ. ಸ್ವಲ್ಪ ದೊಡ್ಡವನಾದ ಮೇಲೆ ಕೂವೆ ಹುಡಿಯ ಗಂಜಿ. ಗಡ್ಡೆಯನ್ನು ಅರೆದು, ನೀರಿನಲ್ಲಿ ತಂಗಿಸಿ, ಒಣಗಿಸಿ ತೆಗೆಯುವ ಬಿಳಿ ಹುಡಿ ಅದು; ಹೊಟ್ಟೆ ಕೆಟ್ಟವರಿಗೆ ನಮ್ಮ ಕಡೆ ಕಾಯಿಸಿ ಕೊಡುತ್ತಾರೆ. ನಾನು ಇದ್ದಬದ್ದ ಅಡುಗೆ ಸಾಮಾನಿನ ಹೆಸರೆಲ್ಲ ಹೇಳುತ್ತ ಹೋದಾಗ ಡಾಕ್ಟರು ಕೂವೆಯ ಹತ್ತಿರ ತಡೆದು, "ಅದನ್ನು ಹೊಟ್ಟೆ ತುಂಬ ಕೊಡಿ, ಅದರಲ್ಲಿ ಪ್ರೋಟೀನ್ ಇಲ್ಲ ಅಂತಲೇ ಹೇಳ್ಬಹುದು" ಎಂದರು. ನನಗೆ ನಿಧಿ ಸಿಕ್ಕಿದ ಹಾಗಾಯಿತು. ಕಡಬದಿಂದ ನನ್ನ ತಾಯಿ ಕೂವೆ ಹುಡಿ ಮಾಡಿ ಕಳಿಸುತ್ತಲೇ ಇದ್ದರು. ಕೂವೆ ಗಂಜಿ, ಸಬ್ಬಕ್ಕಿ, ಬೆಲ್ಲ, ತೆಂಗಿನೆಣ್ಣೆ, ಕುಂಬಳಕಾಯಿ, ಅಳತೆಯ ಒಂದಿಷ್ಟು ಅನ್ನ. ಬೇಳೆ ಇಲ್ಲ, ಹಾಲು ಮೊಸರು ಇಲ್ಲ, ಮೊಟ್ಟೆ ಇಲ್ಲ, ಮೀನಂತೂ ಇಲ್ಲವೇ ಇಲ್ಲ. ಮಾಮಿಗೆ ಮೀನಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಮಗು ಬಂಗುಡೆ ಹುರಿಯುವ ವಾಸನೆಗೆ ಕೈ ಚಾಚಿದ ದಿನ ಅವರು ಬಾಣಲೆ ಇಳಿಸಿಬಿಟ್ಟರು. ಆಮೇಲೆ ನಮ್ಮ ಮನೆಯಲ್ಲಿ ಮೀನಿನ ಅಡುಗೆ ಆಗಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ.

ಶಶಿಗೂ ಪಥ್ಯ ಮಾಡಿಸಿದೆವು. ಫಿಟ್ಸ್ ಕಡಿಮೆಯಾಯಿತು, ಚರ್ಮದ ಬಿರುಕು ಮಾಯಿತು, ವಾಸನೆ ಹೋಯಿತು. ಮಾತು ಬರಲಿಲ್ಲ. ಹೋದದ್ದು ಹೋದದ್ದೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ನಾನು ಕಾದೆ.

ಗಿರೀಶ ಕೂತ, ನಿಂತ, ನಡೆದ. ಒಂದು ದಿನ ಅಂಗಳದಲ್ಲಿ ಕಾಗೆಯನ್ನು ತೋರಿಸಿ "ಕಕ್ಕೆ" ಎಂದ. ತುಳುವಿನಲ್ಲಿ ಕಾಗೆಗೆ ಹಾಗೆ ಅನ್ನುವುದು. ನಾನು ಪುತ್ತೂರಿನ ಬಸ್ಸು ಹತ್ತಿ ಅಂಗಡಿಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಬಿಚ್ಚಿಟ್ಟ ರೇಡಿಯೋ ಹಾಗೇ ಬಿಟ್ಟು ಬಾಗಿಲು ಹಾಕಿ ನನ್ನ ಜೊತೆ ಮನೆಗೆ ಬಂದರು. ಆ ಹೊತ್ತಿಗೆ ಕಾಗೆ ಹಾರಿಹೋಗಿತ್ತು, ಮಗು ಮಲಗಿತ್ತು. ನಾವಿಬ್ಬರೂ ಸುಮ್ಮನೆ ಪಕ್ಕದಲ್ಲಿ ಕೂತೆವು.

ಶಾಲೆಗೂ ಸೇರಿಸಿದೆವು. ಟೀಚರಿಗೆ ಎಲ್ಲ ವಿವರಿಸಿದ್ದೆವು. ಅವನು ಓದುತ್ತಿದ್ದ, ಜಗಳ ಮಾಡುತ್ತಿದ್ದ, ಅಕ್ಕನ ಕೈ ಹಿಡಿದು ಅಂಗಳ ಸುತ್ತಿಸುತ್ತಿದ್ದ. ನಾನು ಸ್ವಲ್ಪ ಸ್ವಲ್ಪವಾಗಿ ಉಸಿರು ಬಿಡಲು ಕಲಿಯುತ್ತಿದ್ದೆ.

ಎಂಬತ್ತರ ದಶಕ ಶುರುವಾಗಿತ್ತು. ಅವನಿಗೆ ಆರು ನಡೆಯುತ್ತಿರುವಾಗ ಕಾಲು ನೋವು ಎನ್ನಲು ಶುರುಮಾಡಿದ. ಮಕ್ಕಳು ಓಡಿ ಆಡಿದರೆ ನೋಯುವುದು ಸಹಜ ಎಂದುಕೊಂಡು ಎಣ್ಣೆ ತಿಕ್ಕಿದೆ. ತೊಡೆ ಮುಟ್ಟಿದರೇ ಅಳುತ್ತಿದ್ದ. ಆಮೇಲೆ ಓಡುವುದು ನಿಂತಿತು. ಶಾಲೆಯ ಮೆಟ್ಟಿಲು ಹತ್ತಲು ಎರಡೂ ಕೈಯಲ್ಲಿ ಗೋಡೆ ಹಿಡಿಯುತ್ತಾನೆ ಎಂದು ಟೀಚರು ಹೇಳಿ ಕಳಿಸಿದರು. ಅವನ ಉಗುರುಗಳು ಬೆಳ್ಳಗೆ ಸುಣ್ಣ ಬಳಿದ ಹಾಗಿದ್ದವು. ಕಪ್ಪು ಕೂದಲು ಬುಡದಲ್ಲಿ ತಿಳಿಯಾಗುತ್ತಿತ್ತು.

ಕೂದಲಿನ ಆ ಬಣ್ಣ ಕಂಡ ದಿನ ನನಗೆ ಆದ ಹೆದರಿಕೆಯನ್ನು ಬರೆಯಲು ಬರುವುದಿಲ್ಲ. ಅವನನ್ನು ಬೆಳಕಿಗೆ ನಿಲ್ಲಿಸಿ ಮತ್ತೆ ಮತ್ತೆ ನೋಡಿದೆ. ಶಶಿಗೆ ಬಂದದ್ದೇ ಈಗ ಇವನಿಗೂ ಬಂತು, ಎಲ್ಲೋ ಅಳತೆ ತಪ್ಪಿತು ಎಂದೇ ಅನ್ನಿಸಿತು.

"ಮಾಮಿ, ಯಾರಾದ್ರೂ ಇವನಿಗೆ ಎಂತಾದ್ರೂ ಕೊಟ್ರಾ?"

"ನಾನು ಕೊಡ್ತೇನಾ ಮಗಾ?" ಎಂದರು ಮಾಮಿ. "ನೀನು ಅಳೆದದ್ದು ಬಿಟ್ರೆ ಒಂದು ಕಾಳು ಅವನ ಬಾಯಿಗೆ ಹೋಗ್ಲಿಲ್ಲ."

ಮಂಗಳೂರಿಗೆ ಹೋದೆವು. ಮೂತ್ರದ ಪರೀಕ್ಷೆ ಸರಿಯಾಗಿತ್ತು. ಹಸಿರಾಗಲಿಲ್ಲ. ಅದರಿಂದ ಸಮಾಧಾನ ಆಗಬೇಕಿತ್ತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆಸಿದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೃದಯ ದೊಡ್ಡದಾಗಿದೆ" ಎಂದರು.

"ದೊಡ್ಡದಾದ್ರೆ ಒಳ್ಳೆದಲ್ವಾ?" ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

"ಅಲ್ಲಮ್ಮ. ಸ್ನಾಯು ಸೋತು ಸಡಿಲ ಆಗಿದೆ. ಕಾಲಿನದ್ದೂ ಅದೇ. ಯಾಕೆ ಅಂತ ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಅವರ ಬಾಯಲ್ಲಿ ಅದುವರೆಗೆ ನಾನು ಕೇಳಿರಲಿಲ್ಲ.

ಅವನನ್ನು ವಾರ್ಡಿಗೆ ಸೇರಿಸಿದರು. ಓಡಾಡಿಸಬಾರದು, ನಗಿಸಿ ದಣಿಸಲೂ ಬಾರದು. ನಾನು ಮಂಚದ ಪಕ್ಕದ ನೆಲದಲ್ಲಿ ಚಾಪೆ ಹಾಕಿಕೊಂಡೆ. ಅವನ ಬನಿಯನಿನ ಕೆಳಗೆ ಎದೆ ಹೊಡೆದುಕೊಳ್ಳುವುದು ಹೊರಗಿನಿಂದಲೇ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಕಣ್ಣು ತೆಗೆದರೆ ನಿಂತುಹೋದೀತು ಎಂಬ ಹಾಗೆ. ಪಕ್ಕದ ಮಂಚದಲ್ಲಿ ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು ಖತೀಜಮ್ಮ ತಮ್ಮ ಮೊಮ್ಮಗಳ ಜೊತೆ ಇದ್ದರು. ಅವರು ನನ್ನನ್ನು ಏನೂ ಕೇಳಲಿಲ್ಲ. ಹೊರಗೆ ಹೋದಾಗಲೆಲ್ಲ ನನ್ನ ಫ್ಲಾಸ್ಕನ್ನೂ ಎತ್ತಿಕೊಂಡು ಹೋಗಿ ಬಿಸಿನೀರು ತುಂಬಿ ತರುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಕೈಗೆ ಅನ್ನದ ತಟ್ಟೆ ಕೊಟ್ಟು, "ನೀವು ತಿನ್ನಿ. ಅವನನ್ನು ನಾನು ನೋಡ್ತಾ ಇರ್ತೇನೆ" ಎಂದು ನನ್ನ ಜಾಗದಲ್ಲಿ ಕೂತು, ನಾನು ನೋಡುತ್ತಿದ್ದ ಹಾಗೆಯೇ ಅವನ ಎದೆಯನ್ನು ನೋಡುತ್ತಾ ಕೂತರು. ಅಷ್ಟು ದಿನದಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅದೊಂದೇ ಊಟ.

ಗಿರೀಶನಿಗೆ ಬುದ್ಧಿ ಚುರುಕಾಗಿತ್ತಲ್ಲ, ಅದೇ ಕಷ್ಟವಾಯಿತು. "ಅಮ್ಮಾ, ನಾನು ಸಾಯ್ತೇನಾ?" ಎಂದು ನೇರವಾಗಿ ಕೇಳಿದ.

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳ್ಲಿಲ್ಲ. ನೀನು ನನ್ನನ್ನು ಹಾಗೆ ನೋಡ್ತಿ."

ಆಮೇಲೆ ನಾನು ಅವನ ಎದೆ ನೋಡಬೇಕೆಂದಾಗ ಅವನ ಪುಸ್ತಕ ನೋಡುವ ನೆಪ ಮಾಡುತ್ತಿದ್ದೆ.

ಡಾಕ್ಟರು ದಿನಾ ಬಂದು ಅವನು ಹುಟ್ಟಿದಂದಿನಿಂದ ಏನೇನು ತಿಂದ ಎಂದು ಕೇಳುತ್ತಿದ್ದರು. ನಾನು ಅದನ್ನೇ ಹೇಳುತ್ತಿದ್ದೆ. ಪುಡಿ, ಕೂವೆ, ಸಬ್ಬಕ್ಕಿ, ಬೆಲ್ಲ. ಒಂದು ದಿನ ಅವರು ನನ್ನ ಗಂಡನನ್ನೂ ಮಾಮಿಯನ್ನೂ ಒಟ್ಟಿಗೆ ಕೂರಿಸಿ ಮಾತಾಡಿದರು. ಇಂಗ್ಲೆಂಡಿನ ಗೆಳೆಯರ ಜೊತೆ ಟ್ರಂಕ್ ಕಾಲ್ ಹಾಕಿ ಮಾತಾಡಿದ್ದರಂತೆ. ಹೀಗೆ ತಯಾರಿಸಿದ ಆಹಾರದಲ್ಲೇ ಬೆಳೆದ ಮಕ್ಕಳ ರಕ್ತದಲ್ಲಿ ಸೆಲೆನಿಯಂ ಎಂಬ ಒಂದು ಖನಿಜ ಬಹಳ ಕಡಿಮೆ ಇರುತ್ತದೆಂದು ಅಲ್ಲಿಯವರು ಗಮನಿಸಿದ್ದಾರೆ, ಅದಿಲ್ಲದೆ ಹೃದಯ ಸೋಲುವುದೂ ಉಂಟು ಎಂದು ಅವರು ಹೇಳಿದ್ದರು.

"ಒಂದು ಚಿಟಿಕೆಯಷ್ಟೂ ಬೇಡ, ಕಣ್ಣಿಗೆ ಕಾಣದಷ್ಟು ಸಾಕು" ಎಂದರು ಡಾಕ್ಟರು. "ಉಸಿರಾಡುವ ಗಾಳಿಯೇ ಮೈಯನ್ನು ಒಳಗಿಂದ ತಿಂತದೆ. ಅದನ್ನು ತಡೆಯುವ ಕೆಲಸಕ್ಕೆ ಈ ಸೆಲೆನಿಯಂ ಬೇಕು. ಪುಡಿ ಮಾಡಿದವರು ಅದನ್ನು ಹಾಕ್ಲಿಲ್ಲ. ಆಗ ಯಾರಿಗೂ ಗೊತ್ತಿರ್ಲಿಲ್ಲ."

"ತುಕ್ಕು ಹಿಡಿದ ಹಾಗಾ?" ಎಂದರು ನನ್ನ ಗಂಡ.

"ಹೆಚ್ಚುಕಡಿಮೆ ಹಾಗೆಯೇ."

ಮಾಮಿ ಕೇಳಿದರು, "ಕೂವೆಯಲ್ಲಿ ಇಲ್ವಾ ಅದು?"

"ಇಲ್ಲ ಅಮ್ಮ. ಕೂವೆಯಲ್ಲಿ ಹಿಟ್ಟು ಬಿಟ್ರೆ ಎಂತದೂ ಇಲ್ಲ."

"ಮತ್ತೆ ಯಾವುದರಲ್ಲಿ ಉಂಟು?"

ಡಾಕ್ಟರು ಮಾಮಿಯ ಕಡೆ ತಿರುಗಿದರು. "ಮೀನಿನಲ್ಲಿ ಉಂಟು. ಮೊಟ್ಟೆಯಲ್ಲಿ ಉಂಟು."

ಮಾಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ದೇವರೇ! ಅದನ್ನೇ ಬಾಗಿಲಿನ ಹೊರಗೆ ಇಟ್ಟೆವಲ್ಲ."

"ಇಟ್ಟದ್ದರಿಂದಲೇ ಅವನು ಇವತ್ತು ಮಾತಾಡ್ತಿದ್ದಾನೆ" ಎಂದರು ಡಾಕ್ಟರು, ಗಟ್ಟಿಯಾಗಿ. "ಮೀನು ಕೊಡುವ ಹಾಗೆ ಇಲ್ಲ. ಆ ಸೆಲೆನಿಯಂ ಮಾತ್ರ ಹನಿಯಾಗಿ ಕೊಡುವ."

ಅವನ ರಕ್ತವನ್ನು ಪರೀಕ್ಷೆಗೆ ಬೊಂಬಾಯಿಗೆ ಕಳಿಸಿದರು. ಐಸ್ ತುಂಬಿದ ಪೆಟ್ಟಿಗೆಯನ್ನು ರಘು ಬಸ್ಸಿನಿಂದ ಇಳಿಸಿಕೊಂಡು ತಾನೇ ಹೋಗಿ ಒಪ್ಪಿಸಿ, ಫಲಿತಾಂಶವನ್ನು ಫೋನಿನಲ್ಲಿ ಹೇಳಿದ. ಸೆಲೆನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹುಚ್ಚು ಅನ್ನಿಸಬಹುದು, ಆ ಸುದ್ದಿ ಕೇಳಿ ನಾವು ಸಂತೋಷಪಟ್ಟೆವು. ಹೆಸರಿಲ್ಲದ ಹೆದರಿಕೆಗೆ ಒಂದು ಹೆಸರು ಸಿಕ್ಕಿತ್ತು.

ಹನಿ ಮದ್ದಿನ ಬಾಟ್ಲಿ ಬಂದಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. "ಜಾಗ್ರತೆ. ಹೆಚ್ಚಾದ್ರೆ ಇದು ವಿಷ. ನಾನು ಹೇಳಿದಷ್ಟೇ. ಇವತ್ತು ಮರೆತ್ರೆ ನಾಳೆ ಎರಡು ಸಲ ಕೊಡುದು ಮಾಡ್ಬೇಡಿ."

ಇಲ್ಲದಿದ್ದರೂ ಸಾವು, ಹೆಚ್ಚಾದರೂ ಸಾವು. ಮೊದಲ ದಿನ ಡ್ರಾಪರ್ ಹಿಡಿದ ನನ್ನ ಕೈ ಹೇಗೆ ನಡುಗಿತೆಂದರೆ ಹನಿ ಚಮಚದ ಹೊರಗೆ ಬಿತ್ತು. ಬಿದ್ದದ್ದು ಎಷ್ಟು, ಚಮಚಕ್ಕೆ ಹೋದದ್ದು ಎಷ್ಟು? ಎಲ್ಲ ಚೆಲ್ಲಿ, ತೊಳೆದು, ಮತ್ತೆ ಹಿಡಿದೆ. ಆಗಲಿಲ್ಲ. ಗಂಡ ನನ್ನ ಕೈಯಿಂದ ತೆಗೆದುಕೊಂಡರು. ರೇಡಿಯೋದ ಕೂದಲಿನಂಥ ತಂತಿಗಳನ್ನು ಬೆಸೆಯುವ ಕೈ ಅದು, ನಡುಗಲಿಲ್ಲ. ಹನಿ ಹಾಕಿ ಆದ ಮೇಲೆ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತರು. ನಾನು ನೋಡಿದಾಗ ಅವರ ಅಂಗಿ ಬೆನ್ನಿನ ತುಂಬ ಒದ್ದೆಯಾಗಿತ್ತು.

ಮೊದಲಿಗೆ ಏನೂ ಆಗಲಿಲ್ಲ. ಅವನು ಹಾಗೆಯೇ ಮಲಗಿದ್ದ. ಉಸಿರಿನಲ್ಲಿ ಬೆಳ್ಳುಳ್ಳಿಯ ನಾತ ಬಂದರೆ ಹೆಚ್ಚಾಯಿತೆಂದು ಅರ್ಥ ಎಂದಿದ್ದರು. ನಾನು ಮತ್ತೆ ಮಗುವಿನ ಬಾಯಿಗೆ ಮೂಗು ಹಿಡಿಯುವವಳಾದೆ. ವಾರಗಳು ಹೋದವು. ಒಂದು ಬೆಳಿಗ್ಗೆ ತೊಡೆ ಒತ್ತಿದರೆ ಅವನು ಅಳಲಿಲ್ಲ. "ನೋವಿಲ್ವಾ?" ಎಂದೆ. "ಉಂಟು. ಸ್ವಲ್ಪ" ಎಂದ. ಆ "ಸ್ವಲ್ಪ" ಎಂಬ ಮಾತನ್ನು ನಾನು ವಾರ್ಡಿನಲ್ಲಿ ಇದ್ದವರಿಗೆಲ್ಲ ಹೇಳಿಕೊಂಡು ಬಂದೆ. ಮತ್ತೆ ಹಸಿವು ಬಂತು. ಆಮೇಲೆ ಮಂಚದ ಕಂಬಿ ಹಿಡಿದು ನಿಂತ. ಮನೆಗೆ ಹೋದ ಮೇಲೂ ಎಕ್ಸ್‌ರೇಗೆ ಬರುತ್ತಲೇ ಇದ್ದೆವು. ಪ್ರತಿ ಸಲವೂ ಡಾಕ್ಟರು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಬೆಳಕಿಗೆ ಹಿಡಿಯುವಾಗ ನಾನು ನೆಲ ನೋಡುತ್ತಿದ್ದೆ. ಒಂದು ಸಲ ಅವರು, "ಇಲ್ಲಿ ನೋಡಿ ಅಮ್ಮ, ತಲೆ ಎತ್ತಿ" ಎಂದರು. ನೋಡಿದೆ. ನನಗೂ ಕಾಣುವಷ್ಟು ಸಣ್ಣದಾಗಿತ್ತು.

ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ಅವನು ಓಡಿದರೆ ಇವತ್ತಿಗೂ ಬೇಗ ದಣಿಯುತ್ತಾನೆ. ಹನಿ ಮುಂದುವರಿದಿದೆ, ಪುಡಿ ಮುಂದುವರಿದಿದೆ. ಇನ್ನು ಮುಂದೆ ಪುಡಿಯಲ್ಲೇ ಅದನ್ನು ಸೇರಿಸುತ್ತಾರಂತೆ, ಅಲ್ಲಿಯವರೆಗೆ ಹನಿ. ಶಶಿಗೂ ಪರೀಕ್ಷೆ ಮಾಡಿಸಿ, ಅವಳಿಗೂ ಹನಿ ಕೊಟ್ಟೆವು. ಅವಳು ಅದರ ರುಚಿಗೆ ಮುಖ ಕಿವುಚಿದರೆ ಗಿರೀಶನೂ ಕಿವುಚಿ ತೋರಿಸುತ್ತಾನೆ. ಆಗ ಅವಳು ನಗುತ್ತಾಳೆ.

ಇದನ್ನು ಬರೆಯಲು ಕಾರಣವಾದದ್ದು ಮೊನ್ನೆ ಮೊನ್ನೆ ನಡೆದದ್ದು. ಡಾಕ್ಟರು ಒಬ್ಬಳನ್ನು ನನ್ನಲ್ಲಿಗೆ ಕಳಿಸಿದರು. ಸುಳ್ಯದ ಕಡೆಯ ಗೌಡರ ಮನೆಯ ಹೆಣ್ಣು, ಲಲಿತಾ. ಇನ್ನೂ ಇಪ್ಪತ್ತು ದಾಟಿದವಳಲ್ಲ. ಜೊತೆಗೆ ಅವಳ ಅಣ್ಣ ಬಂದಿದ್ದ, ಅವನು ಜಗಲಿಯಲ್ಲೇ ಕೂತ. ಅವಳು ಎಳೆಮಗುವನ್ನು ಎರಡು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಕೊಂಡು ಬಾಗಿಲ ಹೊರಗೇ ನಿಂತಿದ್ದಳು. ಯಾಕೆ ಒಳಗೆ ಬರುತ್ತಿಲ್ಲ ಎಂದು ನನಗೆ ತಿಳಿಯಿತು. ಹತ್ತಿರ ಹೋಗಿ ಮಗುವನ್ನು ಕೈಗೆ ತೆಗೆದುಕೊಂಡೆ.

"ಅಕ್ಕಾ, ಅವನಿಗೆ ಸ್ವಲ್ಪ ವಾಸನೆ..." ಎಂದಳು.

"ಗೊತ್ತುಂಟು. ಒಳಗೆ ಬಾ."

ಅವಳಿಗೆ ಎಲ್ಲ ತೋರಿಸಿದೆ. ಪುಡಿ ಕಲಸುವುದು ಹೇಗೆ, ಗಂಟಾಗದ ಹಾಗೆ ಕೂವೆ ಕಾಯಿಸುವುದು ಹೇಗೆ, ಹನಿ ಹಿಡಿಯುವುದು ಹೇಗೆ. ಗಿರೀಶ ಶಾಲೆಯಿಂದ ಬಂದು ಚೀಲ ಎಸೆದು, "ಅಮ್ಮಾ, ಹಸಿವು" ಎಂದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮೂಲೆಯಲ್ಲಿ ಕೂತು ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ ಶಶಿಯನ್ನು ನೋಡಿದಳು. ಮೆಲ್ಲಗೆ ಕೇಳಿದಳು:

"ಅಕ್ಕಾ, ನಿಮಗೆ ಈಗ ಹೆದರಿಕೆ ಹೋಯ್ತಾ?"

ಅವಳಿಗೆ ಸಮಾಧಾನದ ಮಾತು ಬೇಕಿತ್ತು. ಸುಳ್ಳು ಹೇಳಬಹುದಿತ್ತು. ಆದರೆ ಅವಳು ಇನ್ನೆಷ್ಟೋ ವರ್ಷ ಇದರ ಜೊತೆ ಇರಬೇಕಾದವಳು.

"ಇಲ್ಲ" ಎಂದೆ. "ಒಂದು ದಿನಕ್ಕೂ ಹೋಗ್ಲಿಲ್ಲ."

ಅವಳ ಮುಖ ಸಣ್ಣದಾಯಿತು. "ಮತ್ತೆ ನೀವು ಹೇಗೆ..."

ಅಷ್ಟರಲ್ಲಿ ಮಗು ಎದ್ದು ಅತ್ತಿತು. ಗಟ್ಟಿ ಅಳು, ಹಸಿದ ಅಳು. ಅವಳು ಏನು ಮಾಡುವುದೆಂದು ತಿಳಿಯದೆ ನನ್ನ ಮುಖ ನೋಡಿದಳು. ನಾನು ಎದ್ದು ಒಲೆಯ ಮೇಲೆ ನೀರಿಟ್ಟೆ.

"ಬಾ ಇಲ್ಲಿ" ಎಂದೆ. "ಈ ಸಲದ್ದು ನೀನೇ ಮಾಡು. ನಾನು ಹತ್ರ ನಿಂತಿರ್ತೇನೆ."